ದೂರು ಕೊಟ್ಟವಳ ಹೆಗಲಿಗೇ ಹೊಣೆ

2001ರಲ್ಲಿ ಬೆಂಗಳೂರಿನ ಅರಮನೆ ರಸ್ತೆಯ ಕಾರ್ಲ್‌ಟನ್ ಭವನದಲ್ಲಿ, ಆಗ ಸಿಒಡಿ ಎಂದೇ ಹೆಸರಾಗಿದ್ದ ಪೊಲೀಸ್ ವಿಭಾಗದ ಕಚೇರಿಯಲ್ಲಿ, ದೇಶದ ಮೊದಲ ಸೈಬರ್ ಅಪರಾಧ ಠಾಣೆ ಬಾಗಿಲು ತೆರೆಯಿತು. ಬೀದರಿನಿಂದ ಚಾಮರಾಜನಗರದವರೆಗೆ ಇಡೀ ರಾಜ್ಯಕ್ಕೆ ಅದೊಂದೇ. ಅದಕ್ಕೂ ತುಸು ಮೊದಲು, 2000ದ ಅಕ್ಟೋಬರ್ 17ರಂದು, ಮಾಹಿತಿ ತಂತ್ರಜ್ಞಾನ ಕಾಯ್ದೆ ಜಾರಿಗೆ ಬಂದಿತ್ತು. ಕಾಯ್ದೆ ಬರೆದವರ ಕಣ್ಣಿದ್ದದ್ದು ವ್ಯಾಪಾರದ ಮೇಲೆ: ಡಿಜಿಟಲ್ ಸಹಿ, ಇ-ದಾಖಲೆ, ಹ್ಯಾಕಿಂಗ್. ಹೆಂಗಸೊಬ್ಬಳನ್ನು ಕಂಪ್ಯೂಟರಿನ ಮೂಲಕ ಕಾಡಬಹುದೆಂಬ ಯೋಚನೆಯೇ ಅವರಿಗೆ ಬಂದಂತಿರಲಿಲ್ಲ. ಹೆಚ್ಚೆಂದರೆ ಕೈಗೆ ಸಿಗುತ್ತಿದ್ದದ್ದು ಅಶ್ಲೀಲ ಪ್ರಕಟಣೆಗೆ ಸಂಬಂಧಿಸಿದ 67ನೇ ಸೆಕ್ಷನ್. ಜೊತೆಗೊಂದು ಷರತ್ತು ಬೇರೆ: ಈ ಕಾಯ್ದೆಯಡಿ ತನಿಖೆ ಮಾಡುವವರು ಡಿವೈಎಸ್‌ಪಿ ದರ್ಜೆಗಿಂತ ಕೆಳಗಿನವರಾಗಿರಕೂಡದು. ದೂರು ಹಿಡಿದು ಬಂದವರನ್ನು ಠಾಣೆಯಿಂದ ಸಾಗಹಾಕಬೇಕೆನ್ನುವ ಇನ್‌ಸ್ಪೆಕ್ಟರಿಗೆ ಅಷ್ಟು ಸಾಕಿತ್ತು.

ಹೆಚ್ಚುಕಡಿಮೆ ಅದೇ ಹೊತ್ತಿನಲ್ಲಿ ದೆಹಲಿಯ ಮಹಿಳೆಯೊಬ್ಬರ ಮನೆಯ ಫೋನು ಹೊತ್ತಲ್ಲದ ಹೊತ್ತಿನಲ್ಲಿ ಬಡಿದುಕೊಳ್ಳತೊಡಗಿತು. ಕುವೈತ್, ಕೊಚ್ಚಿ, ಮುಂಬೈ, ಅಹಮದಾಬಾದ್ ಕಡೆಯಿಂದ ಗುರುತು ಪರಿಚಯವಿಲ್ಲದ ಗಂಡಸರು. ಮೂರು ದಿನದಲ್ಲಿ 40ರಷ್ಟು ಕರೆ. ಯಾರೋ ಒಬ್ಬ ಈಕೆಯ ಹೆಸರಿನಲ್ಲಿ ಚಾಟ್ ರೂಮಿಗೆ ಹೋಗಿ, ಅಸಹ್ಯವಾಗಿ ಮಾತಾಡಿ, ಫೋನ್ ನಂಬರನ್ನು ಹಂಚಿ ಬಂದಿದ್ದ. ಪೊಲೀಸರು ಜಾಡು ಹಿಡಿದು ಅವನನ್ನು ಬಂಧಿಸಿದರು. ಆದರೆ ಯಾವ ಕಾನೂನಿನಡಿ? ಹೊಸ ಕಾಯ್ದೆಯಲ್ಲಿ ಹೀಗೆ ಬೆನ್ನುಬಿದ್ದು ಕಾಡುವುದಕ್ಕೆ ಸೆಕ್ಷನ್ನೇ ಇಲ್ಲ. ಕೊನೆಗೆ 1860ರ ಭಾರತೀಯ ದಂಡ ಸಂಹಿತೆಯ 509ನ್ನು ಹುಡುಕಿ ತೆಗೆದರು. ಹೆಣ್ಣಿನ ಮಾನಕ್ಕೆ ಕುಂದು ತರುವ ಮಾತು, ಸನ್ನೆ, ಕೃತ್ಯ ಎಂದು ಅದರಲ್ಲಿತ್ತು. ಆ ಮಾತುಗಳನ್ನು ಆಡಿದ್ದು ಆಕೆಯ ಎದುರಿಗಲ್ಲ, ಆಕೆಯ ಹೆಸರಿನಲ್ಲೇ ಬೇರೆಯವರ ಎದುರಿಗೆ. ಸೆಕ್ಷನ್ ಬರೆದವರು ಇಂಥದ್ದನ್ನು ಊಹಿಸಿರಲು ಸಾಧ್ಯವಿರಲಿಲ್ಲ.

ಕಾನೂನು ಎಷ್ಟೇ ಹಳತಾಗಿದ್ದರೂ ಮನಸ್ಸಿದ್ದರೆ ಏನಾಗುತ್ತದೆ ಎಂಬುದಕ್ಕೆ 2004ರ ಚೆನ್ನೈ ಪ್ರಕರಣ ಸಾಕ್ಷಿ. ವಿಚ್ಛೇದಿತ ಮಹಿಳೆಯೊಬ್ಬರ ಬಗ್ಗೆ ಯಾಹೂ ಗುಂಪೊಂದರಲ್ಲಿ ಅಶ್ಲೀಲ ಬರಹಗಳು ಕಾಣಿಸಿಕೊಂಡವು. ಅದನ್ನು ನೋಡಿದವರು ಆಕೆಗೆ ಫೋನು ಮಾಡಿ ಪೀಡಿಸಿದರು. ಫೆಬ್ರುವರಿಯಲ್ಲಿ ದೂರು ದಾಖಲಾಯಿತು. ಆಕೆಯನ್ನು ಮದುವೆಯಾಗಲು ಆಸೆಪಟ್ಟು ನಿರಾಶನಾಗಿದ್ದ ಪರಿಚಿತನೊಬ್ಬನನ್ನು ಪೊಲೀಸರು ಮುಂಬೈಯಲ್ಲಿ ಹಿಡಿದರು. ನವೆಂಬರ್ 5ರಂದು ಎಗ್ಮೋರ್ ನ್ಯಾಯಾಲಯ ಅವನಿಗೆ ಎರಡು ವರ್ಷ ಕಠಿಣ ಶಿಕ್ಷೆ ವಿಧಿಸಿತು. 67ನೇ ಸೆಕ್ಷನ್ನಿನಡಿ ದೇಶದಲ್ಲಿ ಮೊದಲ ಶಿಕ್ಷೆ ಇದು. ಇಂಟರ್‌ನೆಟ್ಟಿನಲ್ಲಿದ್ದ ಬರಹವನ್ನು ನ್ಯಾಯಾಲಯ ನಂಬುವಂತೆ ಸಾಕ್ಷ್ಯವಾಗಿ ಒಪ್ಪಿಸುವುದು ಆಗಿನ ದೊಡ್ಡ ತೊಡಕು. ಸಾಕ್ಷ್ಯ ಕಾಯ್ದೆಯ 65ಬಿ ಪ್ರಕಾರ ಅದಕ್ಕೆ ಪ್ರಮಾಣಪತ್ರ ಕೊಟ್ಟು ಸಾಕ್ಷಿ ನುಡಿದವರು ಕನ್ನಡಿಗರೇ ಆದ ನಾ. ವಿಜಯಶಂಕರ್, ಸೈಬರ್ ಕಾನೂನಿನ ವಲಯದಲ್ಲಿ ‘ನಾವಿ’ ಎಂದೇ ಪರಿಚಿತರು. ಅದೇ ಕಾಯ್ದೆ, ಅದೇ ಪೊಲೀಸು, ಅದೇ ಹಳೆಯ ಕೋರ್ಟು. ಎಫ್‌ಐಆರ್‌ನಿಂದ ತೀರ್ಪಿನವರೆಗೆ ಒಂದು ವರ್ಷವೂ ಹಿಡಿಯಲಿಲ್ಲ. ಮುಂದಿನ ಇಪ್ಪತ್ತು ವರ್ಷಗಳ ಕತೆಯನ್ನು ಓದುವಾಗ ಇದನ್ನು ನೆನಪಿನಲ್ಲಿಟ್ಟುಕೊಳ್ಳುವುದು ಒಳ್ಳೆಯದು.

ಚೆನ್ನೈ ತೀರ್ಪಿನ ಮಸಿ ಆರುವ ಮೊದಲೇ, ಅದೇ ನವೆಂಬರಿನಲ್ಲಿ, ದೆಹಲಿಯ ಇಬ್ಬರು ಶಾಲಾ ಮಕ್ಕಳ ಖಾಸಗಿ ವಿಡಿಯೊ ಎಂಎಂಎಸ್ ಮೂಲಕ ಊರೆಲ್ಲ ಹರಿದಾಡಿತು. ಐಐಟಿ ವಿದ್ಯಾರ್ಥಿಯೊಬ್ಬ ಅದನ್ನು ಬಾಜೀ ಡಾಟ್ ಕಾಮ್ ಎಂಬ ಹರಾಜು ತಾಣದಲ್ಲಿ 125 ರೂಪಾಯಿಗೆ ಮಾರಾಟಕ್ಕಿಟ್ಟ. ಡಿಸೆಂಬರಿನಲ್ಲಿ ಕಂಪನಿಯ ಸಿಇಒ ಅವನೀಶ್ ಬಜಾಜ್ ಅವರನ್ನೇ ದೆಹಲಿ ಪೊಲೀಸರು ಬಂಧಿಸಿದರು. ಐಟಿ ವಲಯ ಬೆಚ್ಚಿಬಿತ್ತು, ಐಟಿ ಕಂಪನಿಗಳ ಒಕ್ಕೂಟ ನಾಸ್ಕಾಂ ಪ್ರತಿಭಟಿಸಿತು. ಯಾರೋ ಇಟ್ಟ ಸರಕಿಗೆ ಅಂಗಡಿಯ ಯಜಮಾನ ಜೈಲಿಗೆ ಹೋಗಬೇಕೆ ಎಂಬ ಪ್ರಶ್ನೆ ಪತ್ರಿಕೆಗಳ ವಾಣಿಜ್ಯ ಪುಟಗಳನ್ನು ತುಂಬಿತು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಚರ್ಚೆ ಮುಂದುವರಿದಂತೆ ವಿಡಿಯೊದಲ್ಲಿದ್ದ ಹುಡುಗಿಯ ಪಾಡು ಯಾರ ಬಾಯಲ್ಲೂ ಉಳಿಯಲಿಲ್ಲ. ಎಲ್ಲರೂ ಮಾತಾಡಿದ್ದು ಕಂಪನಿಗಳಿಗೆ ಸಿಗಬೇಕಾದ ರಕ್ಷಣೆಯ ಬಗ್ಗೆ. ಬಜಾಜ್ ಮೇಲಿನ ಮೊಕದ್ದಮೆಯನ್ನು ಸುಪ್ರೀಂ ಕೋರ್ಟ್ 2012ರಲ್ಲಿ ರದ್ದುಪಡಿಸಿತು. ಕಂಪನಿಯನ್ನೇ ಆರೋಪಿಯಾಗಿಸದೆ ಅದರ ಅಧಿಕಾರಿಯನ್ನು ಮಾತ್ರ ಕಟಕಟೆಗೆ ತರಲಾಗದು ಎಂಬುದು ಅದಕ್ಕೆ ಕಾರಣ.

ಅಷ್ಟರೊಳಗೆ ಕಾಯ್ದೆಯೇ ಬದಲಾಗಿತ್ತು. ಮುಂಬೈ ಮೇಲಿನ ಉಗ್ರರ ದಾಳಿ ನಡೆದು ತಿಂಗಳು ತುಂಬುವ ಮೊದಲು, 2008ರ ಡಿಸೆಂಬರಿನಲ್ಲಿ, ತಿದ್ದುಪಡಿ ಮಸೂದೆ ಸಂಸತ್ತಿನಲ್ಲಿ ಚರ್ಚೆಯೇ ಇಲ್ಲದೆ ಪಾಸಾಯಿತು. 2009ರ ಅಕ್ಟೋಬರ್ 27ರಿಂದ ಜಾರಿ. ಒಪ್ಪಿಗೆಯಿಲ್ಲದೆ ಖಾಸಗಿ ಅಂಗಗಳ ಚಿತ್ರ ತೆಗೆಯುವುದಕ್ಕೆ, ಹಂಚುವುದಕ್ಕೆ ಶಿಕ್ಷೆ ಹೇಳುವ 66ಇ ಬಂದದ್ದು ಆಗಲೇ. ತನಿಖೆಯ ಅಧಿಕಾರ ಇನ್‌ಸ್ಪೆಕ್ಟರ್ ದರ್ಜೆಗೆ ಇಳಿದದ್ದೂ ಆಗಲೇ. ಜಾಲತಾಣ ಕಂಪನಿಗಳಿಗೆ 79ನೇ ಸೆಕ್ಷನ್ ಹೊಸ ರೂಪದಲ್ಲಿ ಆಸರೆ ಕೊಟ್ಟಿತು: ಬೇರೆಯವರು ಹಾಕಿದ್ದಕ್ಕೆ ನೀವು ಹೊಣೆಯಲ್ಲ, ಆದರೆ ಅಕ್ರಮವೆಂದು ತಿಳಿದ ಮೇಲೆ ತೆಗೆಯಬೇಕು. ಇವೆಲ್ಲದರ ನಡುವೆ 66ಎ ಕೂಡ ನುಸುಳಿತು. ಕಿರಿಕಿರಿ, ಅನಾನುಕೂಲ ಉಂಟುಮಾಡುವ ಸಂದೇಶಕ್ಕೆ ಮೂರು ವರ್ಷದವರೆಗೆ ಜೈಲು.

ಗಾಯಕಿ ಚಿನ್ಮಯಿ ಶ್ರೀಪಾದ ತಮ್ಮನ್ನು ಟ್ವಿಟರಿನಲ್ಲಿ ಹೀನಾಯವಾಗಿ ನಿಂದಿಸುತ್ತಿದ್ದವರ ಮೇಲೆ 2012ರ ಅಕ್ಟೋಬರಿನಲ್ಲಿ ಚೆನ್ನೈ ಪೊಲೀಸರಿಗೆ ದೂರು ಕೊಟ್ಟಾಗ ಈ 66ಎ ನೆರವಿಗೆ ಬಂತು, ಬಂಧನಗಳಾದವು. ಮರು ತಿಂಗಳೇ, ಬಾಳ ಠಾಕ್ರೆ ತೀರಿಕೊಂಡಾಗ ಮುಂಬೈ ಬಂದ್ ಆದದ್ದನ್ನು ಫೇಸ್‌ಬುಕ್ಕಿನಲ್ಲಿ ಪ್ರಶ್ನಿಸಿದ ಪಾಲ್ಘರದ ಹುಡುಗಿಯೊಬ್ಬಳನ್ನೂ, ಅದನ್ನು ಲೈಕ್ ಮಾಡಿದ ಅವಳ ಗೆಳತಿಯನ್ನೂ ಅದೇ ಸೆಕ್ಷನ್ನಿನಡಿ ಬಂಧಿಸಿದರು. ಕಾಡುವವರ ಕೈಗೆ ಬೇಡಿ ಹಾಕಲೆಂದು ಕೊಟ್ಟದ್ದು ಮಾತಾಡಿದ ಹುಡುಗಿಯರ ಕೈಗೇ ಬಿತ್ತು. ಕಾನೂನು ವಿದ್ಯಾರ್ಥಿನಿ ಶ್ರೇಯಾ ಸಿಂಘಾಲ್ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು.

2015ರ ಮಾರ್ಚ್ 24ರಂದು ಬಂದ ಆ ತೀರ್ಪನ್ನು ಎಲ್ಲರೂ 66ಎ ಸತ್ತ ದಿನವೆಂದು ನೆನೆಯುತ್ತಾರೆ. ಅದು ಸರಿಯೇ. ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ಭಾಗ ಅದರಲ್ಲಿತ್ತು. ಕಂಪನಿಗೆ ‘ತಿಳಿಯುವುದು’ ಎಂದರೇನು? ನ್ಯಾಯಾಲಯದ ಆದೇಶ ಅಥವಾ ಸರ್ಕಾರದ ಅಧಿಸೂಚನೆ ತಲುಪಿದರೆ ಮಾತ್ರ ತಿಳಿದಂತೆ ಎಂದು ಪೀಠ ಅರ್ಥ ಹೇಳಿತು. ಲಕ್ಷಾಂತರ ಕೋರಿಕೆಗಳು ಬರುವಾಗ ಯಾವುದು ನ್ಯಾಯ, ಯಾವುದು ಅಲ್ಲ ಎಂದು ಗೂಗಲ್, ಫೇಸ್‌ಬುಕ್ ತೀರ್ಮಾನಿಸುವುದು ಕಷ್ಟ ಎಂಬುದು ಅದರ ತರ್ಕ. ವಾಕ್‌ಸ್ವಾತಂತ್ರ್ಯದ ದೃಷ್ಟಿಯಿಂದ ಬೇಕೇ ಬೇಕಾಗಿದ್ದ ಮಾತು. ಇಲ್ಲದಿದ್ದರೆ ರಾಜಕಾರಣಿಯ ಒಂದು ಇಮೇಲಿಗೆ ಪತ್ರಕರ್ತರ ಬರಹ ಮಾಯವಾಗುತ್ತಿತ್ತು. ಆದರೆ ರಾತ್ರಿ ಹನ್ನೊಂದಕ್ಕೆ ತನ್ನ ತಿರುಚಿದ ಫೋಟೊ ನೋಡಿ ‘ರಿಪೋರ್ಟ್’ ಗುಂಡಿ ಒತ್ತಿದ ಹೆಣ್ಣುಮಗಳ ದೂರಿಗೆ ಕಾನೂನಿನ ಬಲವೇ ಉಳಿಯಲಿಲ್ಲ. ತೆಗೆದರೆ ಕಂಪನಿಯ ಕೃಪೆ. ತೆಗೆಯದಿದ್ದರೆ ಕೋರ್ಟಿಗೆ ಹೋಗು.

ಇದರ ನಡುವೆ ದೆಹಲಿಯಲ್ಲಿ 2012ರ ಡಿಸೆಂಬರ್ 16ರ ಅತ್ಯಾಚಾರ ನಡೆದುಹೋಗಿತ್ತು. ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಮರು ಜನವರಿಯಲ್ಲೇ ವರದಿ ಕೊಟ್ಟಿತು. ದಂಡ ಸಂಹಿತೆಯ 2013ರ ತಿದ್ದುಪಡಿಯಲ್ಲಿ 354ಡಿ ಹುಟ್ಟಿತು: ಹೆಣ್ಣಿನ ಬೆನ್ನು ಬೀಳುವುದು ಅಪರಾಧ, ಆಕೆಯ ಇಂಟರ್‌ನೆಟ್, ಇಮೇಲ್ ಬಳಕೆಯ ಮೇಲೆ ಕಣ್ಣಿಡುವುದೂ ಅಪರಾಧ. ಚಾಟ್ ರೂಮಿನ ಕಾಟಕ್ಕೆ ಸಿಕ್ಕಿದ್ದ ದೆಹಲಿಯ ಆ ಮಹಿಳೆಗೆ ಬೇಕಾಗಿದ್ದ ಸೆಕ್ಷನ್ ಹನ್ನೆರಡು ವರ್ಷ ತಡವಾಗಿ ಬಂತು. ಜೊತೆಗೆ ಬಂದ 354ಸಿ, ಹೆಣ್ಣು ಖಾಸಗಿಯಾಗಿರುವಾಗ ಕದ್ದು ನೋಡುವುದನ್ನು, ಚಿತ್ರ ತೆಗೆಯುವುದನ್ನು ತಡೆಯಿತು. ಬಟ್ಟೆ ಉಟ್ಟು ಬೀದಿಯಲ್ಲಿ ನಡೆಯುವವಳ ಚಿತ್ರ ಅದರ ಲೆಕ್ಕಕ್ಕೆ ಬರಲಿಲ್ಲ.

2015ರ ಫೆಬ್ರುವರಿಯಲ್ಲಿ ಹೈದರಾಬಾದಿನ ಪ್ರಜ್ವಲಾ ಸಂಸ್ಥೆಯ ಸುನೀತಾ ಕೃಷ್ಣನ್ ಅವರ ಕೈಗೆ ವಾಟ್ಸ್‌ಆ್ಯಪಿನಲ್ಲಿ ಹರಿದಾಡುತ್ತಿದ್ದ ಸಾಮೂಹಿಕ ಅತ್ಯಾಚಾರದ ವಿಡಿಯೊಗಳು ಬಂದವು. ಬೆಂಗಳೂರಿನಲ್ಲಿ ಹುಟ್ಟಿದ ಈ ಹೋರಾಟಗಾರ್ತಿ ಸ್ವತಃ ಹದಿಹರೆಯದಲ್ಲಿ ಸಾಮೂಹಿಕ ಅತ್ಯಾಚಾರಕ್ಕೆ ಒಳಗಾಗಿ, ಅದನ್ನು ಬಚ್ಚಿಡದೆ ಬದುಕಿದವರು. ವಿಡಿಯೊದಲ್ಲಿದ್ದ ಗಂಡಸರು ಕ್ಯಾಮೆರಾ ಕಡೆ ನಗುತ್ತಿದ್ದರು. ಸುನೀತಾ ಹೆಣ್ಣುಮಗಳ ಮುಖ ಮರೆಮಾಡಿ, ಗಂಡಸರ ಮುಖಗಳನ್ನು ಮಾತ್ರ ಬಯಲಿಗಿಟ್ಟು, ಇವರನ್ನು ಗುರುತಿಸಿ ಎಂದು ಕರೆಕೊಟ್ಟರು. ಅವರ ಕಾರಿಗೆ ಕಲ್ಲು ಬಿತ್ತು. ಅವರು ಬರೆದ ಪತ್ರವನ್ನೇ ಸುಪ್ರೀಂ ಕೋರ್ಟ್ ಸ್ವಯಂಪ್ರೇರಿತ ಅರ್ಜಿಯಾಗಿ ಎತ್ತಿಕೊಂಡಿತು. ಆಗ ಮುಖ್ಯ ನ್ಯಾಯಮೂರ್ತಿಗಳಾಗಿದ್ದವರು ನಮ್ಮ ಎಚ್.ಎಲ್. ದತ್ತು. ಗೂಗಲ್, ಫೇಸ್‌ಬುಕ್, ಮೈಕ್ರೋಸಾಫ್ಟ್, ಯಾಹೂ, ವಾಟ್ಸ್‌ಆ್ಯಪ್ ಎಲ್ಲರೂ ಒಂದೇ ಮೇಜಿನ ಸುತ್ತ ಕೂರಬೇಕಾಯಿತು. 2018ರ ಸೆಪ್ಟೆಂಬರಿನಲ್ಲಿ ಶುರುವಾಗಿ ಮರುವರ್ಷ ಎಲ್ಲ ಬಗೆಯ ಸೈಬರ್ ಅಪರಾಧಗಳಿಗೂ ತೆರೆದುಕೊಂಡ ಕೇಂದ್ರ ಗೃಹ ಇಲಾಖೆಯ ದೂರು ಪೋರ್ಟಲ್ ಆ ಪತ್ರದ ಫಲ. ಹೆಂಗಸರ, ಮಕ್ಕಳ ಮೇಲಿನ ಅಪರಾಧಗಳಿಗೆ ಹೆಸರು ಹೇಳದೆಯೂ ಅಲ್ಲಿ ಮಾಹಿತಿ ಕೊಡಬಹುದು. ಒಬ್ಬ ಹೆಣ್ಣುಮಗಳು ಅಂಚೆಗೆ ಹಾಕಿದ ಪತ್ರ ಮಾಡಿದಷ್ಟನ್ನು ಯಾವ ಮಂತ್ರಾಲಯವೂ ತಾನಾಗಿ ಮಾಡಿರಲಿಲ್ಲ.

ಮಂತ್ರಾಲಯ ಮಾಡಿದ್ದು ಬೇರೆ. 2016ರಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವೆ ಮೇನಕಾ ಗಾಂಧಿ, ಟ್ರೋಲ್ ಮಾಡಿದವರ ವಿವರವನ್ನು ತಮಗೇ ಇಮೇಲ್ ಮಾಡಿ ಎಂದು ಹ್ಯಾಶ್‌ಟ್ಯಾಗ್ ಸಮೇತ ಪ್ರಕಟಿಸಿದರು. ಸಚಿವೆ ಖುದ್ದಾಗಿ ಕಾಳಜಿ ತೋರಿದರು ಎಂದು ಮೆಚ್ಚಬಹುದು. ಠಾಣೆಯಲ್ಲಿ ಆಗಬೇಕಾದ ಕೆಲಸಕ್ಕೆ ಸಚಿವೆಯ ಇಮೇಲ್ ಪೆಟ್ಟಿಗೆ ಬೇಕಾಯಿತಲ್ಲ ಎಂದು ಮರುಗಲೂಬಹುದು. 2020ರ ಜನವರಿಯಲ್ಲಿ ಆಮ್ನೆಸ್ಟಿ ಇಂಡಿಯಾ ಒಂದು ಅಧ್ಯಯನ ಹೊರತಂದಿತು. ಹಿಂದಿನ ವರ್ಷದ ಲೋಕಸಭಾ ಚುನಾವಣೆಯ ಮಾರ್ಚ್–ಮೇ ತಿಂಗಳಲ್ಲಿ 95 ರಾಜಕಾರಣಿ ಮಹಿಳೆಯರನ್ನು ಹೆಸರಿಸಿದ 1,14,716 ಟ್ವೀಟುಗಳನ್ನು ಪರಿಶೀಲಿಸಿದಾಗ ಹೆಚ್ಚುಕಡಿಮೆ ಏಳರಲ್ಲಿ ಒಂದು ನಿಂದನೆಯದ್ದೋ ಸಮಸ್ಯಾತ್ಮಕವೋ ಆಗಿತ್ತು. ಎಲ್ಲ ಪಕ್ಷದವರೂ ಅದರಲ್ಲಿದ್ದರು. ಮುಸ್ಲಿಂ ಮಹಿಳೆಯರಿಗೆ ಧರ್ಮದ ಹೆಸರಿನ ಬೈಗುಳ ಉಳಿದವರಿಗಿಂತ ದುಪ್ಪಟ್ಟಿನಷ್ಟು.

ಒಂದೂವರೆ ವರ್ಷದ ನಂತರ ನಡೆದದ್ದಕ್ಕೆ ಈ ಕೊನೆಯ ಸಾಲೇ ಮುನ್ಸೂಚನೆಯಾಗಿತ್ತು.

2021ರ ಜುಲೈ ಮೊದಲ ವಾರ. ಮೈಕ್ರೋಸಾಫ್ಟ್ ಒಡೆತನದ ಗಿಟ್‌ಹಬ್ ಎಂಬ, ಸಾಫ್ಟ್‌ವೇರ್ ಬರೆಯುವವರು ಕೋಡ್ ಇಟ್ಟುಕೊಳ್ಳುವ ತಾಣದಲ್ಲಿ ‘ಸುಲ್ಲಿ ಡೀಲ್ಸ್’ ಎಂಬ ಆ್ಯಪ್ ಕಾಣಿಸಿತು. ಮುಸ್ಲಿಂ ಹೆಂಗಸರನ್ನು ಹೀಯಾಳಿಸುವ ಬೈಗುಳವೇ ಅದರ ಹೆಸರು. ಗುಂಡಿ ಒತ್ತಿದರೆ ಒಬ್ಬ ಮುಸ್ಲಿಂ ಮಹಿಳೆಯ ಫೋಟೊ, ಹೆಸರು, ‘ಇಂದಿನ ಡೀಲ್’ ಎಂಬ ಒಕ್ಕಣೆ. ಪತ್ರಕರ್ತೆಯರು, ಹೋರಾಟಗಾರ್ತಿಯರು, ವಿದ್ಯಾರ್ಥಿನಿಯರು, ಕಲಾವಿದೆಯರು ಸೇರಿ 80ಕ್ಕೂ ಹೆಚ್ಚು ಜನ. ಮಾರಾಟ ನಿಜವಲ್ಲ, ಅವಮಾನ ಮಾತ್ರ ಪೂರ್ತಿ ನಿಜ. ವಿಮಾನ ಹಾರಿಸುವ ಹನಾ ಮೊಹ್ಸಿನ್ ಖಾನ್ ತಮ್ಮ ಹೆಸರು ಅದರಲ್ಲಿರುವುದನ್ನು ಕಂಡು ಎಫ್‌ಐಆರ್ ದಾಖಲಿಸಿದರು. ದೆಹಲಿ ಪೊಲೀಸರೂ ಪ್ರಕರಣ ದಾಖಲಿಸಿದರು. ಗಿಟ್‌ಹಬ್ ಖಾತೆಯನ್ನು ತೆಗೆದುಹಾಕಿತು. ಶಿವಸೇನೆಯ ರಾಜ್ಯಸಭಾ ಸದಸ್ಯೆ ಪ್ರಿಯಾಂಕಾ ಚತುರ್ವೇದಿ ಐಟಿ ಸಚಿವರಿಗೆ ಪತ್ರ ಬರೆದರು.

ಆಮೇಲೆ ಏನೂ ಆಗಲಿಲ್ಲ. ಆರು ತಿಂಗಳು ಒಬ್ಬನ ಬಂಧನವೂ ಇಲ್ಲ. ಗಿಟ್‌ಹಬ್ ಅಮೆರಿಕದ ಕಂಪನಿ, ಮಾಹಿತಿ ಬೇಕಾದರೆ ಎರಡು ದೇಶಗಳ ಕಾನೂನು ನೆರವಿನ ಒಪ್ಪಂದದ ದಾರಿಯಲ್ಲೇ ಹೋಗಬೇಕು ಎಂಬುದು ದೆಹಲಿಯ ವಿವರಣೆ. ಅದೇ ವರ್ಷ ಫೆಬ್ರುವರಿ 25ರಂದು ಕೇಂದ್ರ ಹೊಸ ಐಟಿ ನಿಯಮಗಳನ್ನು ತಂದಿತ್ತು. ನಗ್ನ ಅಥವಾ ತಿರುಚಿದ ಚಿತ್ರದ ಬಗ್ಗೆ ಆ ವ್ಯಕ್ತಿಯೇ ದೂರು ಕೊಟ್ಟರೆ ಕಂಪನಿ ಆಗಿನ ನಿಯಮದಂತೆ 24 ಗಂಟೆಯೊಳಗೆ ತೆಗೆಯಬೇಕಿತ್ತು. ಒಳ್ಳೆಯ ನಿಯಮವೇ. ಆದರೆ ಇಲ್ಲಿದ್ದ ಫೋಟೊಗಳಲ್ಲಿ ನಗ್ನತೆ ಎಲ್ಲಿತ್ತು? ಆ ಹೆಂಗಸರು ತಮ್ಮ ಖಾತೆಯಲ್ಲಿ ತಾವೇ ಹಾಕಿಕೊಂಡ ಮಾಮೂಲಿ ಫೋಟೊಗಳು ಅವು.

2022ರ ಹೊಸವರ್ಷದ ಬೆಳಗ್ಗೆ ಅದೇ ಗಿಟ್‌ಹಬ್‌ನಲ್ಲಿ ‘ಬುಲ್ಲಿ ಬಾಯಿ’ ಎದ್ದಿತು. ಈ ಸಲ ನೂರರಷ್ಟು ಹೆಂಗಸರು. ನಟಿ ಶಬಾನಾ ಆಜ್ಮಿ ಪಟ್ಟಿಯಲ್ಲಿದ್ದರು. ಜೆಎನ್‌ಯುನಿಂದ ಕಾಣೆಯಾದ ವಿದ್ಯಾರ್ಥಿ ನಜೀಬ್‌ನ ತಾಯಿ, ಮಗನಿಗಾಗಿ ವರ್ಷಗಟ್ಟಲೆ ಬೀದಿಯಲ್ಲಿ ಕೂತ ಫಾತಿಮಾ ನಫೀಸ್ ಅವರೂ ಇದ್ದರು. ಪತ್ರಕರ್ತೆ ಇಸ್ಮತ್ ಆರಾ ದೆಹಲಿಯಲ್ಲಿ ದೂರು ಬರೆದು ಅದರ ಪ್ರತಿಯನ್ನು ಸಾರ್ವಜನಿಕವಾಗಿ ಹಾಕಿದರು. ದೇಶವೆಲ್ಲ ಗದ್ದಲ. ಮುಂಬೈ ಸೈಬರ್ ಪೊಲೀಸರು ಪ್ರಕರಣ ಕೈಗೆತ್ತಿಕೊಂಡು ಗಿಟ್‌ಹಬ್‌ನ ಉತ್ತರಕ್ಕೆ ಕಾಯದೆ ಆ್ಯಪನ್ನು ಹರಡಿದ ಟ್ವಿಟರ್ ಖಾತೆಗಳ ಬೆನ್ನು ಹತ್ತಿದರು. ಜನವರಿ 3ರಂದು ಬೆಂಗಳೂರಿನಲ್ಲಿ 21 ವರ್ಷದ ಇಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬ ಸಿಕ್ಕಿಬಿದ್ದ. ಅವನ ಹಿಂದೆ ಉತ್ತರಾಖಂಡದಿಂದ ಪಿಯುಸಿ ಮುಗಿಸಿದ್ದ ಹುಡುಗಿ, ಇನ್ನೊಬ್ಬ ವಿದ್ಯಾರ್ಥಿ. ಖಾತೆಗಳಿಗೆ ಸಿಖ್ಖರ ಹೆಸರಿಟ್ಟಿದ್ದರು. ತಪ್ಪು ಇನ್ನೊಂದು ಸಮುದಾಯದ ತಲೆಗೆ ಬರಲಿ ಎಂಬ ಸಂಚಿದು ಎಂದು ಮುಂಬೈ ಪೊಲೀಸ್ ಕಮಿಷನರ್ ಹೇಳಿದರು.

ಮುಂಬೈಯ ಹುರುಪು ಕಂಡದ್ದೇ ದೆಹಲಿಗೂ ಎಚ್ಚರವಾಯಿತು. ಜನವರಿ 6ಕ್ಕೆ ಅಸ್ಸಾಮಿನ ಜೋರ್‌ಹಾಟಿನಲ್ಲಿ ಬುಲ್ಲಿ ಬಾಯಿಯ ಪ್ರಮುಖ ಆರೋಪಿ ಸೆರೆ. ಅದರ ಬೆನ್ನಿಗೇ, ಆರು ತಿಂಗಳಿಂದ ಯಾರಿಗೂ ಸಿಗದಿದ್ದ ಸುಲ್ಲಿ ಡೀಲ್ಸ್ ಆರೋಪಿ ಇಂದೋರಿನಲ್ಲಿ ಸಿಕ್ಕ. ಒಪ್ಪಂದದ ದಾರಿ, ಅಮೆರಿಕದ ಉತ್ತರ, ಯಾವುದೂ ಆಗ ಅಡ್ಡಬರಲಿಲ್ಲ. ಕಾನೂನು ಬದಲಾಗಿರಲಿಲ್ಲ. ಜುಲೈಯಲ್ಲಿ ಇದ್ದ ಅಧಿಕಾರಗಳೇ ಜನವರಿಯಲ್ಲೂ ಇದ್ದವು. ಬದಲಾಗಿದ್ದದ್ದು ಒತ್ತಡ. ಮೊದಲ ಆ್ಯಪಿನ ಹೊತ್ತಿಗೇ ಇಷ್ಟು ಕೆಲಸ ಮಾಡಿದ್ದರೆ ಎರಡನೆಯದು ಹುಟ್ಟುತ್ತಿರಲಿಲ್ಲ ಎಂದು ಆ ಹೆಂಗಸರು ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. ಮಾರ್ಚ್ ಕೊನೆಯಲ್ಲಿ ದೆಹಲಿಯ ನ್ಯಾಯಾಲಯ ಇಬ್ಬರು ಮುಖ್ಯ ಆರೋಪಿಗಳಿಗೂ ಮಾನವೀಯ ನೆಲೆಯಲ್ಲಿ ಜಾಮೀನು ಕೊಟ್ಟಿತು. ಆರೋಪಿಗಳೆಲ್ಲ ಎಳೆಯ ವಯಸ್ಸಿನವರು, ಹೆಚ್ಚಿನವರು ಓದುತ್ತಿದ್ದವರು. ಪೋಷಕರೂ ಕಾಲೇಜುಗಳೂ ಈ ಪ್ರಕರಣದಿಂದ ಕಲಿಯಬೇಕಾದದ್ದು ಬಹಳವಿತ್ತು; ಆ ಚರ್ಚೆ ಬಂಧನದ ಸುದ್ದಿಯೊಂದಿಗೆ ತಣ್ಣಗಾಯಿತು.

ಗದ್ದಲವಿದ್ದರೆ ದಿನಗಳು, ಇಲ್ಲದಿದ್ದರೆ ತಿಂಗಳುಗಳು ಎಂಬ ಈ ಲೆಕ್ಕ ಮುಂದೆಯೂ ತಪ್ಪಲಿಲ್ಲ. 2023ರ ನವೆಂಬರಿನಲ್ಲಿ ವಿರಾಜಪೇಟೆಯ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಇನ್ನೊಬ್ಬ ಮಹಿಳೆಯ ದೇಹಕ್ಕೆ ಅಂಟಿಸಿದ ಡೀಪ್‌ಫೇಕ್ ವಿಡಿಯೊ ಹರಡಿತು. ಅಮಿತಾಭ್ ಬಚ್ಚನ್ ಪ್ರತಿಕ್ರಿಯಿಸಿದರು, ಕೇಂದ್ರ ಸರ್ಕಾರ ಕಂಪನಿಗಳಿಗೆ ಸೂಚನೆ ಕಳಿಸಿತು. ದೆಹಲಿ ಪೊಲೀಸರು 500ಕ್ಕೂ ಹೆಚ್ಚು ಖಾತೆಗಳನ್ನು ಜಾಲಾಡಿ 2024ರ ಜನವರಿಯಲ್ಲಿ ಗುಂಟೂರಿನ ಯುವ ಇಂಜಿನಿಯರನ್ನು ಬಂಧಿಸಿದರು. ಅವನು ನಟಿಯ ಅಭಿಮಾನಿ, ಅವರ ಹೆಸರಿನ ಪುಟ ನಡೆಸುತ್ತಿದ್ದವನು. ಪೊಲೀಸರ ಪ್ರಕಾರ ಫಾಲೋವರ್ಸ್ ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ್ದ; 90,000 ಇದ್ದವರು ಎರಡು ವಾರದಲ್ಲಿ 1,08,000 ಆದರು. ಈ ಅಂಕಿಯನ್ನು ಎರಡು ಸಲ ಓದಬೇಕು. ಹೆಣ್ಣಿನ ಮಾನ ಕಳೆಯುವುದು ಲಾಭದ ಕಸುಬಾಗುವುದು ಕಂಪನಿಗಳ ಲೆಕ್ಕಾಚಾರದಿಂದಲೇ: ಯಾವುದನ್ನು ಹೆಚ್ಚು ಜನ ನೋಡುತ್ತಾರೋ ಅದನ್ನೇ ಇನ್ನಷ್ಟು ಜನರಿಗೆ ತೋರಿಸುವ ಯಂತ್ರವನ್ನು ಕಟ್ಟಿದವರು ಅವರು.

2024ರ ಏಪ್ರಿಲಿನಲ್ಲಿ ಹಾಸನದ ಬೀದಿಗಳಲ್ಲಿ ಪೆನ್‌ಡ್ರೈವ್‌ಗಳು ಕೈಯಿಂದ ಕೈಗೆ ಹೋದವು. ಮತದಾನಕ್ಕೆ ಕೆಲವೇ ದಿನಗಳಿದ್ದವು. ಸಂಸದರಾಗಿದ್ದ ಪ್ರಜ್ವಲ್ ರೇವಣ್ಣ ಅವರ ವಿರುದ್ಧದ ಲೈಂಗಿಕ ದೌರ್ಜನ್ಯದ ಆರೋಪಗಳಿಗೆ ಆ ವಿಡಿಯೊಗಳೇ ಮೂಲ. 2025ರ ಆಗಸ್ಟಿನಲ್ಲಿ ಬೆಂಗಳೂರಿನ ವಿಶೇಷ ನ್ಯಾಯಾಲಯ ಒಂದು ಪ್ರಕರಣದಲ್ಲಿ ಅವರನ್ನು ಅಪರಾಧಿಯೆಂದು ಸಾರಿ ಜೀವಾವಧಿ ಶಿಕ್ಷೆ ವಿಧಿಸಿತು. ಸಾಬೀತಾದ ಆರೋಪಗಳಲ್ಲಿ ಅತ್ಯಾಚಾರದ ಜೊತೆ ಐಟಿ ಕಾಯ್ದೆಯ 66ಇ ಕೂಡ ಇತ್ತು. ಆದರೆ ಹೆಂಗಸರ ಮುಖ ಮರೆಸದೆ ಆ ದೃಶ್ಯಗಳನ್ನು ಚುನಾವಣೆಯ ಕರಪತ್ರದಂತೆ ಹಂಚಿದವರು? ವಾಟ್ಸ್‌ಆ್ಯಪಿನಲ್ಲಿ ಮುಂದಕ್ಕೆ ಕಳಿಸಿದವರು? ಹಂಚಿದವರ ಮೇಲೆ ಬೇರೆ ಪ್ರಕರಣವೇನೋ ದಾಖಲಾಯಿತು, ಹಂಚಿದರೆ ಕ್ರಮ ಎಂದು ವಿಶೇಷ ತನಿಖಾ ತಂಡ (ಎಸ್‌ಐಟಿ) ಎಚ್ಚರಿಸಿತು. ಅಷ್ಟರಲ್ಲಿ ಊರು ಬಿಟ್ಟ ಕುಟುಂಬಗಳು ಬಿಟ್ಟಾಗಿತ್ತು. ಸಜ್ಜನರೆನಿಸಿಕೊಂಡ ಎಷ್ಟೋ ಮಂದಿ ಆ ವಾರ ‘ನಿಮಗೆ ಬಂತಾ?’ ಎಂದು ಒಬ್ಬರನ್ನೊಬ್ಬರು ಕೇಳುತ್ತಿದ್ದರು. ಆ ಹೊಣೆಯನ್ನು ಯಾವ ಕಂಪನಿಯ ಮೇಲೂ ಹೊರಿಸಲಾಗದು.

ಅದೇ ವರ್ಷ ಜೂನಿನಲ್ಲಿ ಇನ್ನೊಂದು ತೆರನ ‘ಪರಿಹಾರ’ವೂ ಕಂಡಿತು. ನಟಿಯೊಬ್ಬರಿಗೆ ಅಶ್ಲೀಲ ಸಂದೇಶ ಕಳಿಸಿದ ಕಾರಣಕ್ಕೆ ಚಿತ್ರದುರ್ಗದ ಯುವಕನನ್ನು ಬೆಂಗಳೂರಿಗೆ ಎಳೆತಂದು ಕೊಂದರು ಎಂಬುದು ಪೊಲೀಸರ ಆರೋಪ. ನಟ ದರ್ಶನ್ ಸೇರಿ ಹಲವರು ಆರೋಪಿಗಳಾಗಿರುವ ಆ ಮೊಕದ್ದಮೆ ನ್ಯಾಯಾಲಯದಲ್ಲಿದೆ. ಮರುವರ್ಷ ಜುಲೈನಲ್ಲಿ ಮಾಜಿ ಸಂಸದೆ, ನಟಿ ರಮ್ಯಾ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಮಾತುಗಳನ್ನು ಮೆಚ್ಚಿ ಬರೆದದ್ದೇ ತಡ, ಅವರ ಇನ್‌ಸ್ಟಾಗ್ರಾಂಗೆ ಅತ್ಯಾಚಾರ, ಕೊಲೆ ಬೆದರಿಕೆಯ ಸಂದೇಶಗಳು ಸುರಿದವು. ಅಶ್ಲೀಲ ಸಂದೇಶವೇ ಮೂಲವೆನ್ನಲಾದ ಕೊಲೆಯ ಆರೋಪಿಯ ಪರವಾಗಿ ಅದೇ ಬಗೆಯ ಸಂದೇಶಗಳು! ರಮ್ಯಾ 43 ಖಾತೆಗಳ ಪಟ್ಟಿ ಹಿಡಿದು ಬೆಂಗಳೂರು ಪೊಲೀಸ್ ಕಮಿಷನರಿಗೆ ದೂರು ಕೊಟ್ಟರು. ಕೆಲವೇ ದಿನಗಳಲ್ಲಿ ಬಂಧನ ಶುರುವಾಯಿತು. ಖಾತೆಗಳನ್ನು ಹುಡುಕಿ ಪಟ್ಟಿ ಮಾಡಿದವರು ಇಲ್ಲೂ ದೂರುದಾರರೇ.

ಹೆಸರಿಲ್ಲದವರ ಪಾಡೇನು? ಅದೇ 2025ರ ಮೇ ತಿಂಗಳಲ್ಲಿ ನಮ್ಮ ಮೆಟ್ರೊದಲ್ಲಿ ಓಡಾಡುವ ಯುವತಿಯರನ್ನು ಗೊತ್ತಾಗದಂತೆ ಚಿತ್ರೀಕರಿಸಿ ಇನ್‌ಸ್ಟಾಗ್ರಾಂನಲ್ಲಿ ಹಾಕುತ್ತಿದ್ದ ಪುಟವೊಂದು ಬಯಲಾಯಿತು. ಸಾವಿರಾರು ಜನ ಅದರ ಹಿಂಬಾಲಕರು. ಸಂಸದ ಪಿ.ಸಿ. ಮೋಹನ್ ಪ್ರಶ್ನಿಸಿದ ಮೇಲೆ ಬನಶಂಕರಿ ಪೊಲೀಸರು ಪ್ರಕರಣ ದಾಖಲಿಸಿ ಒಬ್ಬನನ್ನು ಬಂಧಿಸಿದರು. ಜುಲೈನಲ್ಲಿ ಚರ್ಚ್ ಸ್ಟ್ರೀಟಿನ ಸರದಿ. ಬೀದಿಯ ಗಲಾಟೆ ಚಿತ್ರೀಕರಿಸುವವನಂತೆ ನಟಿಸುತ್ತ ಒಬ್ಬ ಹೆಂಗಸರ ಹಿಂದೆ ನಡೆಯುತ್ತಿದ್ದ. ವಿಡಿಯೊದಲ್ಲಿ ತನ್ನನ್ನು ಕಂಡ ಯುವತಿಯೊಬ್ಬಳು ಇನ್‌ಸ್ಟಾಗ್ರಾಂಗೆ ಹಲವು ಖಾತೆಗಳಿಂದ ದೂರು ಕೊಟ್ಟರೆ ಬಂದ ಉತ್ತರ: ಇದರಲ್ಲಿ ನಿಯಮ ಉಲ್ಲಂಘನೆಯಾಗಿಲ್ಲ. ಆ ಹೊತ್ತಿಗೆ ಅವಳಿಗೆ ಅಪರಿಚಿತರಿಂದ ಅಶ್ಲೀಲ ಸಂದೇಶಗಳು ಬರತೊಡಗಿದ್ದವು. ಅವಳು ತನ್ನದೇ ಖಾತೆಯಲ್ಲಿ ಎಲ್ಲವನ್ನೂ ಹೇಳಿಕೊಂಡ ಮೇಲೆ, ಸುದ್ದಿಯಾದ ಮೇಲೆ, ಬಂಧನವಾಯಿತು.

ಠಾಣೆಗಳ ಕಷ್ಟವೂ ಇಲ್ಲದಿಲ್ಲ. ಕರ್ನಾಟಕದ ಜಿಲ್ಲೆಗಳಲ್ಲಿ ‘ಸೆನ್’ ಠಾಣೆಗಳು ಬಂದವು. ಸೈಬರ್, ಆರ್ಥಿಕ ಅಪರಾಧ, ಮಾದಕವಸ್ತು ಮೂರಕ್ಕೂ ಅವೇ ಆಗಿದ್ದವು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಾರ 2023ರಲ್ಲಿ ದೇಶದಲ್ಲಿ ದಾಖಲಾದ ಸೈಬರ್ ಪ್ರಕರಣ 86,420. ಅದರಲ್ಲಿ 21,889 ಕರ್ನಾಟಕವೊಂದರಲ್ಲೇ. ರಾಜ್ಯಗಳ ಪೈಕಿ ನಮ್ಮದೇ ಮೊದಲು. ದೇಶದ ಒಟ್ಟಾರೆಯಲ್ಲಿ ಸುಮಾರು ಶೇಕಡಾ 69 ವಂಚನೆಯವು. ಲೈಂಗಿಕ ಶೋಷಣೆಯವು 4,199, ಅಂದರೆ ಶೇಕಡಾ 5ಕ್ಕೂ ಕಡಿಮೆ. ಹಣ ಕಳೆದುಕೊಂಡವರು ಓಡಿ ಬರುತ್ತಾರೆ, ಬರಲೇಬೇಕು. ಮಾನದ ಪ್ರಶ್ನೆ ಬಂದಾಗ ಮನೆಯವರೇ ‘ಖಾತೆ ಮುಚ್ಚಿ ಸುಮ್ಮನಿರು’ ಎನ್ನುತ್ತಾರೆ. ಹಾಗಾಗಿ ಈ ಶೇಕಡಾ 5ರ ಅಂಕಿ ಕಾಟ ಕಡಿಮೆಯಿದೆ ಎಂಬುದಕ್ಕೆ ಪುರಾವೆಯಾಗಲಾರದು.

ಕಂಪನಿಗಳ ಹೊಣೆಯ ಪ್ರಶ್ನೆ 2025ರಲ್ಲಿ ಮತ್ತೆ ಬೆಂಗಳೂರಿಗೇ ಬಂತು. ಸರ್ಕಾರದ ಅಧಿಕಾರಿಗಳು ‘ಸಹಯೋಗ್’ ಪೋರ್ಟಲ್ ಮೂಲಕ ಬರಹ, ವಿಡಿಯೊ ತೆಗೆಯಲು ಸೂಚಿಸುವುದನ್ನು ಎಕ್ಸ್ (ಹಿಂದಿನ ಟ್ವಿಟರ್) ಕಂಪನಿ ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿತು. ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅರ್ಜಿಯನ್ನು ವಜಾ ಮಾಡಿದರು. ಸಾಮಾಜಿಕ ಜಾಲತಾಣಕ್ಕೆ ನಿಯಂತ್ರಣ ಬೇಕು, ಅದರಲ್ಲೂ ಹೆಂಗಸರ ಮೇಲಿನ ಅಪರಾಧಗಳ ವಿಷಯದಲ್ಲಿ ಬೇಕೇ ಬೇಕು, ಇಲ್ಲದಿದ್ದರೆ ಘನತೆಯ ಹಕ್ಕು ಮಣ್ಣುಪಾಲಾಗುತ್ತದೆ ಎಂಬುದು ತೀರ್ಪಿನ ಒಂದು ನೆಲೆ. ಕಂಪನಿ ಮೇಲ್ಮನವಿಯ ದಾರಿ ಹಿಡಿಯಿತು. ಸರ್ಕಾರವನ್ನು ಟೀಕಿಸಿದ ಬರಹವನ್ನೂ ಇದೇ ಪೋರ್ಟಲಿನಿಂದ ತೆಗೆಸಬಹುದಲ್ಲ ಎಂಬ ಅನುಮಾನವನ್ನು ತಳ್ಳಿಹಾಕುವಂತಿಲ್ಲ. ಪಾಲ್ಘರದ ಹುಡುಗಿಯರನ್ನು ಮರೆಯಬಾರದು. ಹೆಂಗಸರ ಹೆಸರು ಹೇಳಿ ಪಡೆದ ಅಧಿಕಾರ ಹೆಂಗಸರ ದೂರುಗಳಿಗೆ ಎಷ್ಟು ಬಳಕೆಯಾಯಿತು ಎಂಬುದನ್ನು ಸರ್ಕಾರ ಲೆಕ್ಕ ಸಮೇತ ಜನರ ಮುಂದಿಡಬೇಕು.

ಸದ್ಯಕ್ಕೆ ದೂರು ಕೊಡಬೇಕಾದವರು ಇಷ್ಟನ್ನು ತಿಳಿದಿರಲಿ. ಅಳಿಸುವ ಮೊದಲು ಸ್ಕ್ರೀನ್‌ಶಾಟ್ ಜೊತೆಗೆ ಲಿಂಕ್ ಕೂಡ ತೆಗೆದಿಟ್ಟುಕೊಳ್ಳಿ. ಖಾಸಗಿ ಅಥವಾ ತಿರುಚಿದ ಚಿತ್ರವಾದರೆ ಕಂಪನಿಯ ದೂರು ಅಧಿಕಾರಿಗೆ ಬರೆಯಿರಿ. ಐಟಿ ನಿಯಮ ಅವರನ್ನು ಗಡುವಿಗೆ ಕಟ್ಟಿಹಾಕಿದೆ. 354ಡಿ ಈಗ ಭಾರತೀಯ ನ್ಯಾಯ ಸಂಹಿತೆಯ 78 ಆಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಪ್ರಕಾರ, ಅಪರಾಧ ಎಲ್ಲೇ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಇಮೇಲ್ ಮೂಲಕವೂ ಕೊಟ್ಟು ಮೂರು ದಿನದೊಳಗೆ ಸಹಿ ಹಾಕಿದರೆ ಸಾಕು. ಠಾಣಾಧಿಕಾರಿ ಒಪ್ಪದಿದ್ದರೆ ದೂರಿನ ಸಾರವನ್ನು ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು, ಅಲ್ಲೂ ಕೆಲಸವಾಗದಿದ್ದರೆ ಮ್ಯಾಜಿಸ್ಟ್ರೇಟರಿಗೆ ಅರ್ಜಿ ಹಾಕಬಹುದು.